ಎಮ್ಮಿ ಬೆದಿಗಿ ಬರೋದು ಗರ್ಭಚೀಲದಿಂದೋ, ತಲಿಯಿಂದೋ?

ಎಮ್ಮಿಮನಿ ಚಿಂಚೋಳಿ

ಎಲ್ಲಾರಿಗೂ ಶರಣು ರೀ. ನಾವು ಚಿಂಚೋಳಿ ತಾಲೂಕದವರು. ಮನ್ಯಾಗ ಎರಡು ಎಮ್ಮಿ ಅವ, ಒಂದು ಹಳೇದು, ಇನ್ನೊಂದು ಹೋದ ವರ್ಷ ಸಂಘದ ಸಾಲ ತಗೊಂಡು ತಂದದ್ದು. ಈ ಹೊಸಾ ಎಮ್ಮಿ ಈದು ಆರು ತಿಂಗಳ ಮ್ಯಾಲಾಯ್ತು, ಹಾಲು ಇಳಕೊಂತ ಬಂತು, ಆದ್ರ ಇನ್ನಾ ಬೆದಿಗೇ ಬಂದಿಲ್ಲ. ಹಳೇ ಎಮ್ಮಿ ಬೆದಿಗಿ ಬಂತಂದ್ರ ಇಡೀ ಓಣಿಗೇ ಗೊತ್ತಾಗ್ತದ, ಹಂಗ ಒದರ್ತದ, ಇದು ಮಾತ್ರ ಒಂದಿನಾನೂ ದನಿ ತೆಗೆದಿಲ್ಲ ಮೇವು ತಿಂತದ ಮಲಗ್ತದ ಅಷ್ಟೇ. ನಮ್ಮ ಮನಿಯವರು ಪುಣಾದಾಗ ಕಟ್ಟಡದ ಕೆಲಸಕ್ಕ ಹೋಗ್ಯಾರ, ಮೇವು, ಹಾಲು, ಸೂಜಿ ಮಾಡಸೋದು ಎಲ್ಲಾ ನಂದೇ. ಅತ್ತಿ ಅಂತಾರ, ಇದು ಬಂಜಿ ಅದ, ಸಂತಿಗಿ ಹೊಡಿ ಅಂತ. ಆ ಮಾತು ಕೇಳಿದ್ರ ನನಗ ಹೊಟ್ಟ್ಯಾಗ ಹ್ಯಾಂಗೋ ಆಗ್ತದ ರೀ, ಮದುವಿ ಆಗಿ ನಾಕು ವರ್ಷ ಮಂದಿ ನನಗೂ ಅದೇ ಮಾತ ಅಂದಿದ್ರು.

ನಾ ಬಿಎಸ್ಸಿ ಎರಡನೇ ವರ್ಷದ ತನಾ ಓದೀನಿ, ಆಮ್ಯಾಲ ಮದುವಿ ಆಯ್ತು, ಬಿಟ್ಟೆ. ಅಂಡಾಶಯದಾಗ ಹಾರ್ಮೋನ್ ತಯಾರಾಗ್ತದ, ಅದರಿಂದ ಬೆದಿ ಬರ್ತದ ಅಂತ ಓದಿದ್ದು ನೆನಪದ. ಹಂಗಿದ್ರ ಒಂದು ಎಮ್ಮಿ ಒದರೋದು ಇನ್ನೊಂದು ಸುಮ್ನಿರೋದು ಯಾಕ? ಇದು ಬೆದಿಗಿ ಬಂದೂ ನಮಗ ತೋರಿಸ್ವಲ್ದೋ, ಇಲ್ಲಾ ಬರ್ಲೇ ಇಲ್ಲೋ? ಹೆಣ್ಣು ಪ್ರಾಣಿಗಿ ಗಂಡು ಬೇಕು ಅನಸೋದು ಖರೆ ಎಲ್ಲಿಂದ ಶುರು ಆಗ್ತದ? ದವಾಖಾನಿಯಾಗ ಹತ್ತು ಮಂದಿ ಗಂಡಸರ ಮುಂದ ನಿಂತು ಇದನ್ನ ಕೇಳ್ಲಾಕ ಬಾಯಿ ಬರಲ್ಲ, ಅದಕ್ಕ ಇಲ್ಲಿ ಬರದೀನಿ. ತಿಳದವರು ಬಿಡಿಸಿ ಹೇಳ್ರಿ, ಉದ್ದ ಆದ್ರೂ ಓದ್ತೀನಿ.

ನಂದಿನಗರ ಹಾಸ್ಟೆಲ್

ಅಕ್ಕಾ, ನಾನು ಬೀದರ್ ವೆಟರ್ನರಿ ಕಾಲೇಜಲ್ಲಿ ಪಿಜಿ ಮಾಡ್ತಿದೀನಿ, ಊರು ಮಂಡ್ಯ ಕಡೆ, ನನ್ನ ಕನ್ನಡ ಬೇರೆ ಥರ ಕೇಳ್ಸಿದ್ರೆ ಬೇಜಾರ್ ಮಾಡ್ಕೋಬೇಡಿ. ಮೊದಲು ಒಂದು ಮಾತು, ಒಂದ್ಸಲ ಕರು ಹಾಕಿರೋ ಎಮ್ಮೇನ ಬಂಜೆ ಅನ್ನೋದು ತಪ್ಪು. ಇಲ್ಲಿ ಕ್ಲಿನಿಕ್ಕಿಗೆ ಬೆದೆಗೆ ಬಂದಿಲ್ಲ ಅಂತ ಕರ್ಕೊಂಡ್ ಬರೋ ಎಮ್ಮೆಗಳಲ್ಲಿ ಎಷ್ಟೋ ಎಮ್ಮೆ ಒಳಗಡೆ ಸರಿಯಾಗೇ ಸೈಕಲ್ (ಬೆದೆ ಚಕ್ರ) ಆಗ್ತಿರ್ತವೆ, ಹೊರಗಡೆ ತೋರ್ಸಲ್ಲ ಅಷ್ಟೇ. ಇದಕ್ಕೆ ಮೂಕ ಬೆದೆ ಅಂತೀವಿ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಎರಡೂ ಹೌದು, ಅಂಡಾಶಯನೂ ಹೌದು ತಲೆನೂ ಹೌದು. ನಾವು ಬೆದೆ ಅಂತ ಒಂದೇ ಹೆಸರು ಕೊಟ್ಟಿದೀವಿ ಆದ್ರೆ ಅದರೊಳಗೆ ಎರಡು ಕೆಲಸ ಇದೆ. ಒಂದು ಮೊಟ್ಟೆ ಬಿಡುಗಡೆ ಆಗೋದು, ಇನ್ನೊಂದು ಪ್ರಾಣಿ ಕೂಗೋದು, ಮೇವು ಬಿಡೋದು, ಗಂಡು ಹತ್ತಿರ ಬಂದ್ರೆ ಅಲ್ಲಾಡದೆ ನಿಲ್ಲೋದು. ಎರಡನ್ನೂ ನಡೆಸೋದು ಮೆದುಳಿನ ಬುಡದಲ್ಲಿರೋ ಹೈಪೊಥಲಾಮಸ್, ಆದ್ರೆ ಅದರಲ್ಲಿ ಜಾಗ ಬೇರೆ ಬೇರೆ. ಅಂಡಾಶಯದಲ್ಲಿ ಮೊಟ್ಟೆ ಇರೋ ನೀರುಗುಳ್ಳೆ ದೊಡ್ಡದಾಗ್ತಾ ಆಗ್ತಾ ಈಸ್ಟ್ರೊಜನ್ ಅನ್ನೋ ಹಾರ್ಮೋನ್ ಬಿಡುತ್ತೆ, ಅದು ರಕ್ತದಲ್ಲಿ ಮೆದುಳಿಗೆ ಹೋಗುತ್ತೆ. ಬೇರೆ ದಿನಗಳಲ್ಲಿ ಅದೇ ಈಸ್ಟ್ರೊಜನ್ ಮೆದುಳಿಗೆ ನಿಧಾನ ಮಾಡು ಅಂತ ಹೇಳ್ತಿರುತ್ತೆ, ಆದ್ರೆ ಪ್ರೊಜೆಸ್ಟರಾನ್ ಅನ್ನೋ ಇನ್ನೊಂದು ಹಾರ್ಮೋನ್ ಇಳಿದು ಈಸ್ಟ್ರೊಜನ್ ಒಂದು ಮಟ್ಟ ದಾಟಿದ್ಮೇಲೆ ಎಲ್ಲಾ ಉಲ್ಟಾ ಆಗಿ ಮೆದುಳು ಜಿಎನ್ಆರ್‌ಎಚ್ ಅನ್ನೋ ಹಾರ್ಮೋನನ್ನ ಧಾರಾಳವಾಗಿ ಬಿಡುತ್ತೆ, ಅದರಿಂದ ಮೆದುಳಿನ ಕೆಳಗಿರೋ ಪಿಟ್ಯೂಟರಿ ಗ್ರಂಥಿ ಮೊಟ್ಟೆ ಬಿಡಿಸೋ ಎಲ್‌ಎಚ್ ಹಾರ್ಮೋನ್ ಸುರಿಯುತ್ತೆ, ಬೆದೆ ಮುಗಿದು ಸುಮಾರು ಹತ್ತು ಹನ್ನೆರಡು ಗಂಟೆಗೆ ಮೊಟ್ಟೆ ಹೊರಗೆ. ಅದೇ ಈಸ್ಟ್ರೊಜನ್ ಹೈಪೊಥಲಾಮಸ್ಸಿನ ಇನ್ನೊಂದು ಜಾಗಕ್ಕೆ ಹೋಗಿ ನಡವಳಿಕೆನ ತಯಾರು ಮಾಡುತ್ತೆ. ಒಂದೇ ಬಾವಿ ನೀರು ಎರಡು ಹೊಲಕ್ಕೆ ಹೋದಂಗೆ, ಒಂದು ಕಾಲುವೆ ಕಟ್ಕೊಂಡ್ರೂ ಇನ್ನೊಂದು ಹೊಲ ನೆನೆಯುತ್ತೆ. ನಿಮ್ಮ ಎಮ್ಮೆಗೆ ಮೊದಲನೇದು ನಡೀತಿದ್ದು ಎರಡನೇದು ಸಾಕಷ್ಟು ಆಗ್ತಾ ಇಲ್ಲದೇ ಇರಬಹುದು.

ಯಾಕೆ ಆಗಲ್ಲ ಅನ್ನೋದೇ ನನಗೆ ತುಂಬಾ ಇಷ್ಟವಾದ ಭಾಗ. ಹಸು, ಕುರಿಗಳಲ್ಲಿ ಮೆದುಳಿನ ನಡವಳಿಕೆ ಭಾಗ ಮುಂಚೆ ಸ್ವಲ್ಪ ದಿನ ಪ್ರೊಜೆಸ್ಟರಾನಿನಲ್ಲಿ ನೆನೆದಿರಬೇಕು, ಅದು ಇಳಿದ್ಮೇಲೆ ಬರೋ ಈಸ್ಟ್ರೊಜನ್ನಿಗೆ ಅದು ಚೆನ್ನಾಗಿ ಸ್ಪಂದಿಸುತ್ತೆ. ಪ್ರೊಜೆಸ್ಟರಾನ್ ಬರೋದು ಮೊಟ್ಟೆ ಬಿಟ್ಟ ಜಾಗದಲ್ಲಿ ಬೆಳೆಯೋ ಗಂಟಿನಿಂದ, ನಾವು ಸಿಎಲ್ (ಕಾರ್ಪಸ್ ಲೂಟಿಯಮ್) ಅಂತೀವಿ. ಕರು ಹಾಕಿದ್ಮೇಲೆ ಬರೋ ಮೊದಲನೇ ಮೊಟ್ಟೆಗೆ ಮುಂಚೆ ಆ ಗಂಟೇ ಇರಲ್ಲ, ಅದಕ್ಕೆ ಮೊದಲನೇ ಸಲ ಹೆಚ್ಚಿನಂಶ ಸದ್ದಿಲ್ಲದೆ ಆಗಿಹೋಗುತ್ತೆ. ಇದನ್ನ 1954ರಲ್ಲೇ ಆಸ್ಟ್ರೇಲಿಯಾದ ರಾಬಿನ್ಸನ್ ಅನ್ನೋರು ಅಂಡಾಶಯ ತೆಗೆದ ಕುರಿಗಳಲ್ಲಿ ತೋರಿಸಿದ್ರು, ಬರೀ ಈಸ್ಟ್ರೊಜನ್ ಮತ್ತೆ ಮತ್ತೆ ಕೊಟ್ರೆ ಬೆದೆ ಸರಿಯಾಗಿ ಬರ್ತಾ ಇರಲಿಲ್ಲ, ಮುಂಚೆ ಪ್ರೊಜೆಸ್ಟರಾನ್ ಕೊಟ್ಟಾಗ ಬಂತು. ಇಲಿಯಲ್ಲಿ ಕ್ರಮ ಪೂರ್ತಿ ತಿರುಗುಮುರುಗು, ಮೊದಲು ಎರಡು ದಿನ ಈಸ್ಟ್ರೊಜನ್, ಆಮೇಲೆ ಬೆದೆಗೆ ಕೆಲವೇ ಗಂಟೆ ಮುಂಚೆ ಪ್ರೊಜೆಸ್ಟರಾನ್.

ಆದ್ರೆ ನಿಮ್ಮದು ಆರು ತಿಂಗಳಾಗಿದೆ, ಬರೀ ಮೊದಲನೇ ಮೊಟ್ಟೆ ಮೂಕ ಅಂದ್ರೆ ಸಾಲಲ್ಲ. ಕರು ಇನ್ನೂ ಮೊಲೆ ಕುಡೀತಿದೆಯಾ? ಕರು ಹೀರೋದು ಮೆದುಳಿನ ಜಿಎನ್ಆರ್‌ಎಚ್ ಮಿಡಿತವನ್ನ ತಗ್ಗಿಸುತ್ತೆ. ಬೇಸಿಗೇಲಿ ನೆರಳು ಎಲ್ಲಿತ್ತು? ಎಮ್ಮೆಗೆ ಬೆವರಿನ ಗ್ರಂಥಿ ತುಂಬಾ ಕಮ್ಮಿ, ಚರ್ಮ ಕಪ್ಪು, ಕಲಬುರಗಿ ಬಿಸಿಲಿಗೆ ಮೈ ಕಾದ್ರೆ ಕೂಗೋ ಶಕ್ತಿನೂ ಇರಲ್ಲ, ಬೆದೆ ಬಂದ್ರೂ ರಾತ್ರಿ ತಂಪಲ್ಲಿ ಬಂದು ಬೆಳಗ್ಗೆ ಹೊತ್ತಿಗೆ ಮುಗಿದಿರುತ್ತೆ. ಇನ್ನೊಂದು, ಹಸುಗಳು ಬೆದೆಗೆ ಬಂದಾಗ ಒಂದರ ಮೇಲೊಂದು ಹತ್ತುತ್ತವೆ, ಎಮ್ಮೆಗಳು ಅಪರೂಪ, ಹಾಗಾಗಿ ಹಸು ನೋಡಿದ ಕಣ್ಣಲ್ಲಿ ಎಮ್ಮೆ ನೋಡಿದ್ರೆ ತಪ್ಪಿಹೋಗುತ್ತೆ. ನಿಮ್ಮ ಊರಿನ ದವಾಖಾನೇಲಿ ಕೈ ಹಾಕಿ ಅಂಡಾಶಯ ನೋಡಕ್ಕೆ ಹೇಳಿ, ಹತ್ತು ದಿನ ಬಿಟ್ಟು ಇನ್ನೊಂದ್ಸಲ. ಎರಡರಲ್ಲಿ ಒಂದ್ಸಲ ಗಂಟು ಸಿಕ್ತು ಅಂದ್ರೆ ಸೈಕಲ್ ನಡೀತಿದೆ ಅಂತ. ಎರಡು ಸಲಾನೂ ಅಂಡಾಶಯ ಸಣ್ಣಗೆ ನುಣ್ಣಗೆ ಇದ್ರೆ ಅದು ಬೇರೆ ಸಮಸ್ಯೆ, ಆವಾಗ ಮೇವು, ಮಿನರಲ್ ಮಿಕ್ಸ್ಚರ್, ಜಂತಿನ ಔಷಧಿಯಿಂದ ಶುರು ಮಾಡ್ಬೇಕು.

ಕೇಳಕ್ಕೆ ನಾಚಿಕೆ ಆದ್ರೆ ಬರೆದುಕೊಂಡು ಹೋಗಿ ಅಕ್ಕ. ಈದ ತಾರೀಖು, ಹಾಲು ಎಷ್ಟು, ಕರು ಕುಡಿಯುತ್ತಾ ಇಲ್ವಾ, ಇಷ್ಟು ಚೀಟಿ ಕೊಟ್ರೆ ಯಾವ ಡಾಕ್ಟ್ರೂ ಮಾತಾಡ್ತಾರೆ.

ಕುರಿಹಿಂಡು ಸುರಪುರ

ತಂಗಿ, ನಾವು ಯಾದಗಿರಿ ಜಿಲ್ಲಾ ಸುರಪುರ ಕಡ್ಯಾವರು, ಕುರಿ ಮಂದಿ. ಎಮ್ಮಿ ನನಗ ತಿಳಿಯಂಗಿಲ್ಲ ಆದ್ರ ಮ್ಯಾಲಿನ ತಂಗಿ ಬರೆದದ್ದು ಓದಿ ಒಂದು ಹಳೀ ಮಾತು ನೆನಪಾತು. ನಮ್ಮ ಮುತ್ಯಾ ಬ್ಯಾಸಗ್ಯಾಗ ಟಗರು ಬ್ಯಾರೇ ಕಡಿ ಇಡ್ತಿದ್ದ, ಹಿಂಡಿನ ವಾಸನಿನೂ ಬಡೀಬಾರದು ಅಷ್ಟು ದೂರ. ಮಳಿ ಬಿದ್ದು ಹುಲ್ಲು ಚಿಗುರಿದ ಮ್ಯಾಲ ಟಗರು ಬಿಡೋದು. ಬಿಟ್ಟ ಮ್ಯಾಲ ಹದಿನೈದು ದಿನ ಏನೂ ಇಲ್ಲ, ಟಗರು ಮೂಸಿಕೊಂತ ತಿರುಗ್ತದ, ಕುರಿ ಓಡ್ತಾವ. ಆಮ್ಯಾಲ ಹದಿನೆಂಟು ಇಪ್ಪತ್ತನೇ ದಿನಕ್ಕ ಒಮ್ಮೇಲೆ ಹತ್ತಿಪ್ಪತ್ತು ಕುರಿ ಬೆದಿಗಿ. ಮತ್ತ ಐದಾರು ದಿನ ಬಿಟ್ಟು ಇನ್ನೊಂದು ಗುಂಪು. ಮುತ್ಯಾ ಕಟಿಗಿ ಮ್ಯಾಲ ಗೀಟು ಕೊರದು ದಿನಾ ಎಣಿಸ್ತಿದ್ದ, ಆ ಕಟಿಗಿ ನಾ ಸಣ್ಣಾವಿದ್ದಾಗ ಕೈಯಾಗ ಹಿಡದು ನೋಡೀನಿ. ಟಗರಿನ ನಾತ ಕುರಿಗಿ ಹತ್ತಬೇಕು, ಹತ್ತಿದ ಮ್ಯಾಲ ಒಳಗ ಹದ ಆಗ್ಲಾಕ ದಿನಾ ಹಿಡೀತದ ಅಂತಿದ್ದ. ಇದು ಖರೆನ ಏನ್ರಿ?

ನಂದಿನಗರ ಹಾಸ್ಟೆಲ್

ಅಣ್ಣಾ, ನಿಮ್ಮ ತಾತ ಕೋಲಲ್ಲಿ ಕೊರೆದಿದ್ದು ನಮ್ಮ ಟೆಕ್ಸ್ಟ್‌ಬುಕ್ಕಲ್ಲಿ ಗ್ರಾಫ್ ಆಗಿ ಇದೆ! ಓದಿ ಮೈ ಜುಮ್ ಅಂತು. ಇದಕ್ಕೆ ಟಗರಿನ ಪರಿಣಾಮ ಅಂತಾರೆ. ಬೆದೆ ನಿಂತುಹೋಗಿರೋ ಕುರಿಗಳ ಹತ್ರ ಹೊಸ ಟಗರು ಬಿಟ್ರೆ ಕೆಲವೇ ನಿಮಿಷದಲ್ಲಿ ಅವುಗಳ ರಕ್ತದಲ್ಲಿ ಎಲ್‌ಎಚ್ ಮಿಡಿತ ಜಾಸ್ತಿ ಆಗುತ್ತೆ, ಎರಡು ಮೂರು ದಿನದಲ್ಲಿ ಮೊಟ್ಟೆ ಬಿಡುತ್ತೆ. ಆದ್ರೆ ಮುಂಚೆ ಪ್ರೊಜೆಸ್ಟರಾನ್ ಇರಲಿಲ್ವಲ್ಲ, ಆ ಮೊದಲನೇ ಸಲ ಮೂಕ, ಟಗರನ್ನ ಹತ್ತಕ್ಕೆ ಬಿಡಲ್ಲ. ಕೆಲವು ಕುರಿಗೆ ಆ ಗಂಟು ಪೂರ್ತಿ ದಿನ ಉಳ್ಕೊಂಡು ಹದಿನೇಳು ದಿನದ ಸೈಕಲ್ ಮುಗಿಸಿ ಬೆದೆಗೆ ಬರ್ತವೆ, ಅದು ನಿಮ್ಮ ಮೊದಲನೇ ಗುಂಪು. ಇನ್ನು ಕೆಲವಕ್ಕೆ ಗಂಟು ಐದಾರು ದಿನಕ್ಕೇ ಕರಗಿಹೋಗಿ ಮತ್ತೆ ಸದ್ದಿಲ್ಲದೆ ಮೊಟ್ಟೆ ಬಿಟ್ಟು ಆಮೇಲೆ ಪೂರ್ತಿ ಸೈಕಲ್ ಆಗುತ್ತೆ, ಅದು ಎರಡನೇ ಗುಂಪು. ತಾತ ಹೇಳಿದ ಹದ ಅನ್ನೋ ಮಾತಿಗೆ ನಮ್ಮಲ್ಲಿ ಪ್ರೈಮಿಂಗ್ ಅಂತಾರೆ, ಹದ ಅನ್ನೋದೇ ಚೆನ್ನಾಗಿದೆ, ಇನ್ಮೇಲೆ ನಾನು ಅದನ್ನೇ ಬಳಸ್ತೀನಿ.

ನಾತದ ವಿಷ್ಯನೂ ನಿಜ. ಜಪಾನಿನವರು ಹೋತಗಳ ತಲೆಗೆ ಟೋಪಿ ಥರ ಒಂದು ಕಟ್ಟಿ ಕೂದಲಿಂದ ಬರೋ ವಾಸನೆ ಹಿಡಿದು ನೋಡಿದ್ರು, 2014ರಲ್ಲಿ ಪ್ರಕಟ ಆಯ್ತು. ಅದರಲ್ಲಿ 4-ಈಥೈಲ್‌ಆಕ್ಟನಲ್ ಅನ್ನೋ ಒಂದು ವಸ್ತು ಸಿಕ್ತು, ಅದನ್ನ ಮೂಸಿದ ಹೆಣ್ಣು ಆಡಿನ ಮೆದುಳಲ್ಲಿ ಜಿಎನ್ಆರ್‌ಎಚ್ ಮಿಡಿತ ನಡೆಸೋ ಜಾಗ ತಕ್ಷಣ ಚುರುಕಾಯ್ತು. ಬೀಜ ಒಡೆದ ಹೋತದಲ್ಲಿ ಅದು ಇರಲಿಲ್ಲ.

ಹುಮನಾಬಾದ್ ಡೈರಿ

ಅಕ್ಕಾವ್ರೆ ಇಷ್ಟೆಲ್ಲಾ ಯಾಕ ತಲಿ ಕೆಡಿಸ್ಕೊಳ್ತೀರಿ. ನಮ್ಮ ಕಡಿ ಬೆದಿಗಿ ತರೋ ಸೂಜಿ ಅದ, ಮೆಡಿಕಲ್‌ದಾಗ ಸಿಗ್ತದ, ಹಾಕಿದ್ರ ಮೂರು ದಿನದಾಗ ಬೆದಿ. ನಮ್ಮ ಮೂರು ಆಕಳಿಗಿ ಹಾಕೀವಿ, ಎರಡು ಬಂದವ. ತಂದು ನೀವೇ ಹಾಕಿಬಿಡ್ರಿ, ಡಾಕ್ಟರ್ ಬರೋದು ಕಾಯಬ್ಯಾಡ್ರಿ.

ನಂದಿನಗರ ಹಾಸ್ಟೆಲ್

ದಯವಿಟ್ಟು ಹಾಗೆ ಮಾಡ್ಬೇಡಿ, ಇದನ್ನ ಕೈ ಮುಗಿದು ಹೇಳ್ತಿದೀನಿ. ಅವರು ಹೇಳ್ತಿರೋದು ಪ್ರೊಸ್ಟಗ್ಲಾಂಡಿನ್ ಸೂಜಿ. ಅದು ಮಾಡೋ ಕೆಲಸ ಒಂದೇ, ಆ ಗಂಟನ್ನ ಕರಗಿಸೋದು. ಗಂಟೇ ಇಲ್ಲದಿದ್ರೆ ಸೂಜಿ ದಂಡ, ಅವರ ಮೂರನೇ ಹಸುಗೆ ಅದೇ ಆಗಿರಬಹುದು. ಎಮ್ಮೆ ಗಬ್ಬ ಇದ್ದು ನಮಗೆ ಗೊತ್ತಿಲ್ಲದೆ ಹಾಕಿದ್ರೆ ಗಬ್ಬ ಕಳೆಯುತ್ತೆ, ಯಾಕಂದ್ರೆ ಗಬ್ಬ ನಿಲ್ಲಿಸ್ಕೊಂಡಿರೋದೂ ಅದೇ ಗಂಟಿನ ಪ್ರೊಜೆಸ್ಟರಾನ್. ಮೂಕ ಬೆದೆ ಎಮ್ಮೆ ಮೇಯಕ್ಕೆ ಹೋದಾಗ ಯಾವುದೋ ಕೋಣ ಕೂಡಿ ಗಬ್ಬ ಆಗಿರೋದು ನಾನೇ ನೋಡಿದೀನಿ. ಇನ್ನೊಂದು ತುಂಬಾ ಮುಖ್ಯ, ಆ ಔಷಧಿ ಕೈ ಚರ್ಮದಿಂದಾನೇ ಒಳಗೆ ಹೋಗುತ್ತೆ, ಬಸುರಿ ಹೆಂಗಸ್ರು, ಆಸ್ತಮಾ ಇರೋರು ಅದನ್ನ ಮುಟ್ಟಲೇಬಾರದು. ಡಾಕ್ಟ್ರು ನೋಡಿ ಗಂಟು ಇದೆ, ಗಬ್ಬ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಹಾಕಿದ್ರೆ ಮಾತ್ರ ಅದು ಒಳ್ಳೆ ಸೂಜಿ.

ಬೆದೆ ತೋರಿಸದೇ ಇರೋದಕ್ಕೆ ಲೆಕ್ಕ ಹಾಕಿ ಸೂಜಿ ಕೊಡೋ ಪದ್ಧತಿನೂ ಇದೆ, ಮೊದಲನೇ ದಿನ ಜಿಎನ್ಆರ್‌ಎಚ್, ಏಳು ದಿನಕ್ಕೆ ಪ್ರೊಸ್ಟಗ್ಲಾಂಡಿನ್, ಮತ್ತೆರಡು ದಿನಕ್ಕೆ ಇನ್ನೊಂದ್ಸಲ ಜಿಎನ್ಆರ್‌ಎಚ್, ಮಾರನೇ ದಿನ ಸೆಮನ್ (ಕೋಣದ ವೀರ್ಯ) ಹಾಕೋದು. ಅದರಲ್ಲಿ ಪ್ರಾಣಿ ಬೆದೆ ತೋರಿಸ್ಲೇಬೇಕು ಅಂತಿಲ್ಲ, ಮೊಟ್ಟೆ ಕಾಲುವೆಗೆ ಮಾತ್ರ ನೀರು ಬಿಡ್ತೀವಿ.

ಕಲಬುರಗಿ ಜೀವಶಾಸ್ತ್ರ

ನಾ ಇಲ್ಲೇ ಕಲಬುರಗ್ಯಾಗ ಡಿಗ್ರಿ ಹುಡುಗರಿಗಿ ಝುವಾಲಜಿ ಹೇಳ್ತೀನಿ. ತಂಗಿ ನೀ ಕೇಳಿದ್ದು, ಬೇಕು ಅನಸೋದು ಎಲ್ಲಿಂದ ಶುರು ಅಂತ, ಅದು ನಮ್ಮ ಸಿಲಬಸ್‌ದಾಗ ಅರ್ಧ ಪುಟಾನೂ ಇಲ್ಲ, ನನಗ ಅದೇ ಬ್ಯಾಸರ. ಎಮ್ಮಿ ಮೆದುಳಿನ ಮ್ಯಾಲ ಇಷ್ಟು ಸೂಕ್ಷ್ಮ ಕೆಲಸ ಆಗಿಲ್ಲ, ಇಲಿ ಮ್ಯಾಲ ಆಗ್ಯಾದ, ಅದನ್ನ ಹೇಳ್ತೀನಿ.

ಹೆಣ್ಣು ಇಲಿ ಹದಕ್ಕ ಬಂದಾಗ ಗಂಡು ಅದರ ಸೊಂಟಕ್ಕ ಮುಟ್ಟಿದ್ರ ಸಾಕು, ಬೆನ್ನು ಕೆಳಗ ಬಗ್ಗಿಸಿ ಬಾಲ ಸರಿಸಿ ನಿಂತುಬಿಡ್ತದ. ಹದದಾಗ ಇಲ್ಲದಾಗ ಅದೇ ಜಾಗಾಕ್ಕ ಮುಟ್ಟಿದ್ರ ಒದೀತದ, ಓಡ್ತದ. ಮುಟ್ಟಿದ್ದು ಅದೇ, ಚರ್ಮ ಅದೇ, ನರ ಅದೇ, ಉತ್ತರ ಮಾತ್ರ ಬ್ಯಾರೆ. ನ್ಯೂಯಾರ್ಕಿನ ರಾಕಫೆಲರ್ ವಿಶ್ವವಿದ್ಯಾಲಯದ ಡೊನಾಲ್ಡ್ ಫಾಫ್ ಅನ್ನೋರು ಈ ದಾರಿ ಪೂರ್ತಿ ಹುಡುಕಿದ್ರು. ಸೊಂಟದ ಚರ್ಮದಿಂದ ಸುದ್ದಿ ಬೆನ್ನುಹುರಿ ಹಿಡದು ಮ್ಯಾಲ ಹೋಗ್ತದ, ಹೈಪೊಥಲಾಮಸ್ಸಿನ ವೆಂಟ್ರೊಮೀಡಿಯಲ್ ಅನ್ನೋ ಗುಂಪಿನಿಂದ ನಡುಮೆದುಳಿಗಿ, ಅಲ್ಲಿಂದ ಕೆಳಗ ಮತ್ತ ಬೆನ್ನುಹುರಿಗಿ, ಬೆನ್ನಿನ ಸ್ನಾಯುವಿಗಿ ಅಪ್ಪಣಿ ಬರ್ತದ. ಈಸ್ಟ್ರೊಜನ್ ಕೂಡ್ರೋದು ಆ ವೆಂಟ್ರೊಮೀಡಿಯಲ್ ಗುಂಪಿನ ಜೀವಕೋಶದಾಗ. ಕೂತ ಕೂಡ್ಲೇ ಏನೂ ಆಗಲ್ಲ, ಅದು ಜೀವಕೋಶದ ಒಳಗ ಹೋಗಿ ಜೀನ್ ಎಬ್ಬಿಸಿ ಹೊಸಾ ಪ್ರೋಟೀನ್ ಮಾಡಸಬೇಕು, ಅದರಾಗ ಪ್ರೊಜೆಸ್ಟರಾನ್ ಹಿಡಿಯೋ ರಿಸೆಪ್ಟರ್‌ನೂ ಒಂದು, ಅದಕ್ಕ ಒಂದೆರಡು ದಿನ ಬೇಕು. ಸುರಪುರದ ಅಣ್ಣಾವ್ರ ಮುತ್ಯಾ ಹೇಳಿದ ಹದ ಅಂದ್ರ ಇದೇ ಜಾತಿ ಕೆಲಸ.

2019ರಾಗ ಸ್ಟ್ಯಾನ್‌ಫರ್ಡಿನ ನಿರಾವ್ ಶಾ ಅವರ ಲ್ಯಾಬಿನವರು ಸುಂಡಿಲಿಯಾಗ ಇನ್ನೊಂದು ನೋಡಿದ್ರು. ಈ ಗುಂಪಿನ ನರಗಳು ಮುಂದಿನ ಭಾಗದ ಇನ್ನೊಂದು ಗುಂಪಿಗಿ ಎಳಿ ಚಾಚಿರ್ತಾವ. ಬೆದಿ ದಿನಕ್ಕ ಅಲ್ಲಿ ಸಂಪರ್ಕ ಸುಮಾರು ಮೂರು ಪಟ್ಟು ಹೆಚ್ಚಾಗ್ತದ, ಬೆದಿ ಇಳದ್ರ ಮತ್ತ ಕಮ್ಮಿ. ಸುಂಡಿಲಿ ಸೈಕಲ್ ನಾಕೈದು ದಿನದ್ದು, ಅಂದ್ರ ದೊಡ್ಡ ಪ್ರಾಣಿ ಆದ ಮ್ಯಾಲೂ ಅದರ ಮೆದುಳು ನಾಕೈದು ದಿನಕ್ಕ ಒಮ್ಮಿ ತಂತಿ ಬಿಚ್ಚಿ ಕಟ್ಟಿಕೊಳ್ತದ. ನಾ ಇದನ್ನ ಮೊದಲ ಸಲ ಓದಿದಾಗ ಎರಡು ದಿನ ಮನಿಯಾಗ ಅದನ್ನೇ ಮಾತಾಡಿದೆ.

ಬೆದಿಗೂ ಮೊಟ್ಟಿಗೂ ಗಂಟು ಹಾಕೋ ಇನ್ನೊಂದು ಜಾತಿ ನರ ಅವ, ಕಿಸ್‌ಪೆಪ್ಟಿನ್ ನರ ಅಂತ. 2018ರಾಗ ಸುಂಡಿಲಿ ಮ್ಯಾಲ ತೋರಿಸಿದ್ದು ಏನಂದ್ರ, ಈ ನರಗಳು ಗಂಡಿನ ಕಡಿ ಒಲವು ಹುಟ್ಟಿಸ್ಲಾಕ ಜಿಎನ್ಆರ್‌ಎಚ್ ದಾರಿ ಹಿಡೀತಾವ, ಬೆನ್ನು ಬಗ್ಗಿಸಿ ನಿಲ್ಲಸ್ಲಾಕ ನೈಟ್ರಿಕ್ ಆಕ್ಸೈಡ್ ಅನ್ನೋ ಬ್ಯಾರೆ ದಾರಿ. ಅಂದ್ರ ಬೇಕು ಅನಸೋದೇ ಒಂದು, ನಿಲ್ಲೋದೇ ಒಂದು. ಬೀದರ್ ತಂಗಿ ಎರಡು ಕಾಲುವಿ ಅಂದ್ಲು, ನಡವಳಿಕಿ ಕಾಲುವಿನೂ ಒಳಗ ಮತ್ತ ಕವಲು ಒಡದದ. ಅದೇ ವೆಂಟ್ರೊಮೀಡಿಯಲ್ ಗುಂಪಿನಾಗ ಕೂಡ್ಲಾಕ ಒಂದು ಬಗಿ ನರ, ಮರಿ ಹಾಕಿದ ಮ್ಯಾಲ ಮರಿ ಕಾಯ್ಲಾಕ ಮೈಮ್ಯಾಲ ಬೀಳೋದಕ್ಕ ಪಕ್ಕದಾಗೇ ಇನ್ನೊಂದು ಬಗಿ ನರ ಅದ ಅಂತ 2022ರಾಗ ಸುಂಡಿಲಿಯಾಗ ತೋರಿಸ್ಯಾರ.

ಮನುಷ್ಯರಿಗಿ ಇದನ್ನ ನೇರ ಹಚ್ಚಬ್ಯಾಡ್ರಿ. ಇಲಿ ಅಂಡಾಶಯ ತೆಗದ್ರ ಕೂಡೋದು ನಿಂತೇ ಹೋಗ್ತದ. ಮಂಗ, ಮನುಷ್ಯರೊಳಗ ಹಾರ್ಮೋನ್ ಮನಸ್ಸಿನ ಒಲವು ಸ್ವಲ್ಪ ಏರಿಳಿಸ್ತದ, ಬೀಗ ಹಾಕಿ ಬೀಗ ತೆಗಿಯೋ ಕೆಲಸ ಮಾಡಲ್ಲ. ಮತ್ತ ತಂಗಿ, ಆ ಬಂಜಿ ಅನ್ನೋ ಮಾತು ನಿನಗ ಅಂದದ್ದು ಓದಿ ನನಗೂ ಸಂಕಟ ಆಯ್ತು. ಎಮ್ಮಿಗಿ ಅಂದ್ರೂ ಅದು ಸರಿ ಅಲ್ಲ.

ಎಮ್ಮಿಮನಿ ಚಿಂಚೋಳಿ

ಎಲ್ಲಾರೂ ಇಷ್ಟು ಕುಂತು ಬರದೀರಿ, ನಿಮ್ಮ ಋಣ ದೊಡ್ಡದು. ಸರ್ ನೀವು ಬರೆದದ್ದು ನಾ ಎರಡು ಸಲ ಓದೀನಿ, ಒಂದು ಸಲ ಅತ್ತಿಗೂ ಓದಿ ಹೇಳ್ದೆ, ಅವರು ಏನೂ ಅನ್ಲಿಲ್ಲ ಆದ್ರ ಮರುದಿನ ಎಮ್ಮಿಗಿ ಹಿಂಡಿ ಕಲಸಿ ಅವರೇ ಇಟ್ಟಿದ್ರು. ಸೂಜಿ ನಾ ತರಲ್ಲ. ಚೀಟಿ ಬರಕೊಂಡು ದವಾಖಾನಿಗಿ ಹೋಗ್ತೀನಿ. ಕರ ಇನ್ನಾ ಹೊತ್ತು ಹೊತ್ತಿಗಿ ಕುಡೀತದ, ಅದನ್ನ ಬ್ಯಾರೆ ಕಟ್ಟಿ ಹಿಂಡೋ ಮುಂದ ಅಷ್ಟೇ ಬಿಡ್ತೀನಿ. ಬೀದರ್ ತಂಗಿ, ರಾತ್ರಿ ನೋಡ್ಬೇಕಂದ್ರ ಖರೆ ಏನ್ ನೋಡ್ಲಿ?

ನಂದಿನಗರ ಹಾಸ್ಟೆಲ್

ರಾತ್ರಿ ಹತ್ತು ಗಂಟೆಗೆ ಒಂದ್ಸಲ, ಬೆಳಗಿನ ಜಾವ ನಾಲ್ಕೈದಕ್ಕೆ ಒಂದ್ಸಲ ಬ್ಯಾಟರಿ ತಗೊಂಡ್ ಹೋಗಿ. ಮಲಗಿರುವಾಗ ನೋಡೋದು ಒಳ್ಳೇದು, ಲೋಳೆ ಆವಾಗ್ಲೇ ಕೆಳಗೆ ಬೀಳುತ್ತೆ. ಬೆದೆ ಲೋಳೆ ಮೊಟ್ಟೆ ಬಿಳಿ ಥರ ತಿಳಿಯಾಗಿ ಹಗ್ಗದಂಗೆ ಜೋತುಬಿದ್ದಿರುತ್ತೆ, ಹಳದಿ ಅಥವಾ ಮಬ್ಬಾಗಿದ್ರೆ ಸೋಂಕು, ಅದನ್ನ ಡಾಕ್ಟ್ರಿಗೆ ಹೇಳಿ. ಬಾಲದ ಬುಡದಲ್ಲಿ ಒಣಗಿ ಅಂಟಿರೋದನ್ನೂ ನೋಡಿ. ಯೋನಿ ಹೊರಭಾಗ ಊದಿ ಸುಕ್ಕು ಹೋಗಿರುತ್ತೆ, ಸ್ವಲ್ಪ ಸ್ವಲ್ಪ ಉಚ್ಚೆ ಪದೇ ಪದೇ ಹುಯ್ಯುತ್ತೆ, ಬೆಳಗ್ಗೆ ಹಾಲು ಒಂದಷ್ಟು ಕಮ್ಮಿ ಕೊಡುತ್ತೆ. ಬೆಳಗಿನ ಜಾವ ಕಂಡ್ರೆ ಅವತ್ತು ಸಂಜೆ ಸೆಮನ್ ಹಾಕ್ಸಿ, ಸಂಜೆ ಕಂಡ್ರೆ ಮಾರನೇ ದಿನ ಬೆಳಗ್ಗೆ.

ಎಮ್ಮಿಮನಿ ಚಿಂಚೋಳಿ

ಭಾಳ ದಿನಾ ಆಯ್ತು, ಸುದ್ದಿ ಹೇಳ್ತೀನಿ ಅಂದ್ಕೊಂತ ಇದ್ದೆ. ಡಾಕ್ಟರ್ ಕೈ ಹಾಕಿ ನೋಡಿ ಎಡಗಡಿ ಗಂಟು ಅದ, ಗಬ್ಬ ಇಲ್ಲ, ಸೈಕಲ್ ನಡದದ ಅಂದ್ರು. ಚೀಟಿ ನೋಡಿ ಯಾರು ಬರ್ಕೊಟ್ರು ಅಂತ ಕೇಳಿದ್ರು, ನಾನೇ ಬರದೀನಿ ಸರ್ ಅಂದೆ. ಸೂಜಿ ಈಗ ಬ್ಯಾಡ, ಒಂದು ಸೈಕಲ್ ಕಾಯ್ದು ನೋಡೋಣು ಅಂದ್ರು. ಅವತ್ತಿಂದ ದಿನಾ ರಾತ್ರಿ ಎದ್ದು ಹೋದೆ. ಒಂಬತ್ತನೇ ರಾತ್ರಿ, ನಾಕು ಗಂಟಿ ಸುಮಾರಿಗಿ, ಕೊಟಗ್ಯಾಗ ಬ್ಯಾಟರಿ ಬಿಟ್ರ ಎಮ್ಮಿ ಎದ್ದು ನಿಂತಿತ್ತು, ಮೇವು ಹಂಗೇ ಬಿದ್ದಿತ್ತು, ಒದರಿಲ್ಲ ಏನಿಲ್ಲ, ಬಾಲ ಅಷ್ಟ ಒಂದು ಬದಿಗಿ ಎತ್ತಿ ಹಿಡದಿತ್ತು. ಮಲಗಿದ ಜಾಗದಾಗ ಕಣಕಿ ಮ್ಯಾಲ ತಿಳಿ ಲೋಳಿ, ಬೆಳಕು ಬಿದ್ದು ಗಾಜಿನಂಗ ಹೊಳೀಲತ್ತಿತ್ತು. ನಾ ಅದರ ಸೊಂಟದ ಮ್ಯಾಲ ಕೈ ಇಟ್ಟು ಒತ್ತಿದೆ, ದಿನಾ ಆದ್ರ ಸರಕೊಳ್ತದ, ಅವತ್ತು ಹಂಗೇ ನಿಂತುಬಿಡ್ತು. ಸರ್ ಇಲಿ ಬಗ್ಗಿ ಬರೆದದ್ದು ನೆನಪಾಗಿ ಕತ್ತಲ್ಯಾಗ ಒಬ್ಬಾಕಿನೇ ನಿಂತು ಅತ್ತೆ ರೀ.

ಅತ್ತಿನ ಎಬ್ಬಿಸಿ ತೋರಿಸ್ದೆ. ಸಂಜಿ ಐದಕ್ಕ ಸೆಮನ್ ಹಾಕ್ಸೀವಿ. ಇವತ್ತಿಗಿ ಹನ್ನೊಂದು ದಿನ. ಹದಿನೆಂಟನೇ ದಿನದಿಂದ ಮತ್ತ ರಾತ್ರಿ ನೋಡ್ಲಾಕ ಶುರು ಮಾಡ್ತೀನಿ, ಇಪ್ಪತ್ನಾಕರ ತನಾ.

ನಂದಿನಗರ ಹಾಸ್ಟೆಲ್

ಅಕ್ಕಾ!! ನೋಡಿ, ಆದ್ರೆ 21 ದಿನಕ್ಕೆ ಕಾಣಲಿಲ್ಲ ಅಂತ ಗಬ್ಬ ಅಂದ್ಕೋಬೇಡಿ, ಇದು ಮೂಕ ಎಮ್ಮೆ. ಎರಡು ತಿಂಗಳು ದಾಟಿದ್ಮೇಲೆ ಕೈ ಹಾಕಿಸಿ ನೋಡ್ಸಿ.

ಕುರಿಹಿಂಡು ಸುರಪುರ

ತಂಗಿ, ದಿನಾ ಎಣಸ್ಲಾಕ ಒಂದು ಕಟಿಗಿ ಇಟ್ಕೊ. ಎರಡು ತಿಂಗಳಿಗಿ ಸುದ್ದಿ ಹೇಳು.